ಒಂಟಿ ಆಸನದ ಒಡೆತನ

ನಾವು ಕೊಳ್ಳುವ ವಸ್ತುಗಳಲ್ಲಿ ಎರಡು ಜಾತಿ. ಕೊಂಡ ದಿನದಿಂದ ಬಾಳನ್ನು ಆರಂಭಿಸುವ ವಸ್ತು ಒಂದು. ಬೇರೊಬ್ಬರ ಕೈಯಲ್ಲಿ ಅರ್ಧ ಬಾಳನ್ನು ಬಾಳಿ, ಆ ಬಾಳಿನ ನೋವುನಲಿವುಗಳನ್ನು ಹೊತ್ತುಕೊಂಡೇ ನಮ್ಮ ಬಾಗಿಲಿಗೆ ಬರುವ ವಸ್ತು ಇನ್ನೊಂದು. ಹಳೆಯ ಮನೆ, ಹಳೆಯ ಪಿಟೀಲು, ಉತ್ತು ಪಳಗಿದ ಎತ್ತು ಇವೆಲ್ಲ ಎರಡನೆಯ ಜಾತಿಗೆ ಸೇರಿದವು. ಈ ಹೊತ್ತು ನಾನು ತಮ್ಮ ಮುಂದೆ ಇಡಬೇಕೆಂದಿರುವುದೂ ಇದೇ ಜಾತಿಯ ಒಂದು ವಸ್ತುವಿನ ವಿಚಾರ. ಅದು ಒಬ್ಬನೇ ಒಬ್ಬ ಕೂರಬಹುದಾದ, ಆಕಾಶದಲ್ಲಿ ಲಾಗ ಹಾಕಲೆಂದೇ ಕಟ್ಟಿದ, ಈಗಾಗಲೇ ಬೇರೊಬ್ಬರು ಹಾರಿಸಿ ಹಳತು ಮಾಡಿರುವ ಪುಟ್ಟ ವಿಮಾನ.

ಕಟ್ಟಾಯ ಹೋಬಳಿಯ ಹಳ್ಳಿಯೊಂದರಲ್ಲಿ ಆಲೂಗೆಡ್ಡೆ, ರಾಗಿ ಬೆಳೆದುಕೊಂಡಿರುವ ಮುದುಕನಿಗೆ ವಿಮಾನದ ಉಸಾಬರಿ ಏಕೆ ಎಂದು ಕೇಳುಗರು ಬೆರಗಾಗಬಹುದು. ನನ್ನ ದುಡಿಮೆಯ ವರ್ಷಗಳೆಲ್ಲ ಬೆಂಗಳೂರಿನಲ್ಲಿ ಸಣ್ಣ ವಿಮಾನಗಳ ದುರಸ್ತಿಯಲ್ಲಿ ಕಳೆದವು. ನಿವೃತ್ತನಾಗಿ ಊರಿಗೆ ಮರಳಿದರೂ ಕೇಳುವವರು ಕೇಳುತ್ತಲೇ ಇರುತ್ತಾರೆ. ನಮ್ಮ ಕಡೆಯ ಯುವಕನೊಬ್ಬ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿಯೇ ಹಾರಾಟ ಕಲಿತಿದ್ದಾನೆ. ಒಳ್ಳೆಯ ಮೋಟಾರು ಕಾರಿನ ಬೆಲೆಗೆ ಅಲ್ಲಿ ಇಂಥ ಹಳೆಯ ವಿಮಾನ ದೊರೆಯುತ್ತದೆಯಂತೆ. ‘ಕೊಳ್ಳಲೇ, ಬೇಡವೇ?’ ಎಂದು ಅವನು ನನಗೆ ಬರೆದ. ಒಂದು ಮಾತಿನಲ್ಲಿ ಉತ್ತರ ಹೇಳಿಬಿಡುವ ಪ್ರಶ್ನೆ ಅದಲ್ಲ. ನಾನು ಕೊಟ್ಟ ಉತ್ತರದ ಸಾರವನ್ನು ಇಲ್ಲಿ ನಿವೇದಿಸುತ್ತೇನೆ. ವಿಮಾನವನ್ನು ಎಂದೂ ಕೊಳ್ಳದವರಿಗೂ ಇದರಲ್ಲಿ ಯೋಚಿಸತಕ್ಕ ಒಂದೆರಡು ಮಾತು ಸಿಕ್ಕೀತೆಂದು ನನ್ನ ನಂಬಿಕೆ.

ಚನ್ನರಾಯಪಟ್ಟಣದ ಕಡೆಯ ಬೂಕನಬೆಟ್ಟದ ಜಾತ್ರೆಯನ್ನೋ, ಅರಕಲಗೂಡಿನ ಕಡೆಯ ರಾಮನಾಥಪುರದ ಜಾತ್ರೆಯನ್ನೋ ಕಂಡವರಿಗೆ ದನದ ವ್ಯಾಪಾರ ಹೇಗೆ ನಡೆಯುತ್ತದೆಂಬುದು ತಿಳಿದೇ ಇದೆ. ಹಳ್ಳಿಕಾರ್ ತಳಿಯ ಜೋಡಿಯೊಂದರ ಮುಂದೆ ನಿಂತ ರೈತ ಮೊದಲು ಬಾಯಿ ಬಿಡಿಸಿ ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಆರು ಹಲ್ಲೋ, ಎಂಟೂ ಮೂಡಿ ಬಾಯಿ ಕೂಡಿದೆಯೋ? ಅಲ್ಲಿಗೆ ವಯಸ್ಸು ತಿಳಿಯಿತು. ಆಮೇಲೆ ಸುಳಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ನೊಗದ ಗಾಯದ ಕಲೆಯ ಮೇಲೆ ಬೆರಳಾಡಿಸುತ್ತಾನೆ. ಕಡೆಗೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಮಾರುವವನು ಎಷ್ಟೇ ಬಣ್ಣ ಕಟ್ಟಿದರೂ ಎತ್ತಿನ ಹಲ್ಲು ಸುಳ್ಳು ಹೇಳುವುದಿಲ್ಲ. ಪ್ರಾಣಿ ತನ್ನ ಚರಿತ್ರೆಯನ್ನು ತನ್ನ ಮೈಯಲ್ಲಿಯೇ ಬರೆದುಕೊಂಡಿರುತ್ತದೆ.

ವಿಮಾನಕ್ಕೆ ಹಲ್ಲಿಲ್ಲ. ಹೊಸದಾಗಿ ಬಣ್ಣ ಬಳಿದು ನಿಲ್ಲಿಸಿದ ನಲವತ್ತು ವರ್ಷದ ವಿಮಾನ ನಿನ್ನೆ ಮೊನ್ನೆ ಕಾರ್ಖಾನೆಯಿಂದ ಹೊರಬಂದಂತೆ ಕಾಣುತ್ತದೆ. ಲೋಹದ ದಣಿವು ಲೋಹದ ಒಳಗಿನದು. ತಂತಿಯೊಂದನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಅದೇ ಜಾಗದಲ್ಲಿ ಹಿಂದೆ ಮುಂದೆ ಇಪ್ಪತ್ತು ಸಾರಿ ಬಗ್ಗಿಸಿದರೆ ತುಂಡಾಗುತ್ತದೆ. ಹತ್ತೊಂಬತ್ತನೆಯ ಸಲದವರೆಗೂ ಅದು ಇಡಿಯಾದ ತಂತಿಯಂತೆಯೇ ತೋರುತ್ತದೆ. ಉಕ್ಕಿಗಾದರೋ ಒಂದು ಮಿತಿಯುಂಟು. ಅದಕ್ಕಿಂತ ಕಡಿಮೆ ಭಾರವನ್ನು ಎಷ್ಟು ಬಾರಿ ಹೊರಿಸಿದರೂ ಅದು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ನಿಶ್ಚಿತ ಮಿತಿಯಿಲ್ಲ. ಹೊತ್ತ ಪ್ರತಿಯೊಂದು ಭಾರವನ್ನೂ ಅದು ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ.

ಲಾಗ ಹಾಕುವ ವಿಮಾನ ಹೊರುವ ಭಾರವೇನು ಸಾಮಾನ್ಯವೇ? ನೇರವಾಗಿ, ಸಮವಾಗಿ ಹಾರುತ್ತಿರುವಾಗ ರೆಕ್ಕೆಗಳು ವಿಮಾನದ ತೂಕವನ್ನಷ್ಟೇ ಹೊರುತ್ತವೆ. ಕೆಳಕ್ಕೆ ಧುಮುಕಿ, ಸರಕ್ಕನೆ ಮೂತಿಯನ್ನು ಮೇಲಕ್ಕೆಳೆದಾಗ ಆ ತೂಕ ನಾಲ್ಕು ಪಟ್ಟು, ಆರು ಪಟ್ಟಾಗುತ್ತದೆ. 70 ಕಿಲೋ ತೂಗುವ ಚಾಲಕ ಆ ಗಳಿಗೆಯಲ್ಲಿ ತಾನು 420 ಕಿಲೋ ತೂಗುತ್ತಿರುವಂತೆ ಆಸನಕ್ಕೆ ಒತ್ತಿಹೋಗುತ್ತಾನೆ; ತಲೆಯ ರಕ್ತ ಕಾಲಿಗಿಳಿದು ಕಣ್ಣಿಗೆ ಮಬ್ಬು ಕವಿಯುತ್ತದೆ. ಈ ಪಟ್ಟನ್ನು ವಿಮಾನದವರು ‘ಜಿ’ ಎಂಬ ಅಕ್ಷರದಿಂದ ಕರೆಯುತ್ತಾರೆ. ಕಸರತ್ತಿನ ವರ್ಗದ ಸಾಮಾನ್ಯ ವಿಮಾನಗಳಿಗೆ ಮೇಲ್ಮುಖವಾಗಿ 6 ಜಿ, ತಲೆಕೆಳಗಾಗಿ 3 ಜಿ ಮಿತಿ. ಜರ್ಮನಿಯ ಎಕ್ಸ್‌ಟ್ರಾ 300ರಂಥ ಈಚಿನ ವಿಮಾನಗಳು ಒಬ್ಬನೇ ಕೂತಾಗ ಎರಡು ಕಡೆಗೂ 10 ಜಿ ತಾಳುವಂತೆ ಕಟ್ಟಿದವು. ಅವುಗಳ ವಿಚಾರದಲ್ಲಿ ವಿಮಾನಕ್ಕಿಂತ ಮೊದಲು ಸೋಲುವುದು ಮನುಷ್ಯನೇ.

ಲೋಹದ ಈ ಗುಪ್ತ ದಣಿವು ಏನು ಮಾಡಬಲ್ಲದೆಂಬುದಕ್ಕೆ 1970ರ ಜೂನ್ 3ರಂದು ಇಂಗ್ಲೆಂಡಿನ ಹಲ್ಲವಿಂಗ್ಟನ್ನಿನಲ್ಲಿ ನಡೆದ ಘಟನೆಯನ್ನು ಹೇಳಬೇಕು. ನೀಲ್ ವಿಲಿಯಮ್ಸ್ ಎಂಬ ನುರಿತ ಚಾಲಕರು ಆ ವರ್ಷದ ವಿಶ್ವ ಸ್ಪರ್ಧೆಗಾಗಿ ಒಂಟಿ ಆಸನದ ಜೆಕ್ ವಿಮಾನ ಜ್ಲಿನ್ 526ರಲ್ಲಿ ಅಭ್ಯಾಸ ಮಾಡುತ್ತಿದ್ದರು. ಧುಮುಕಿನಿಂದ ಮೇಲೆಳೆದು ಸಮಕ್ಕೆ ಬರುವಷ್ಟರಲ್ಲಿ ಎಡ ರೆಕ್ಕೆಯ ಕೆಳಗಿನ ಆಧಾರ ಮುರಿದು, ರೆಕ್ಕೆ ಮೇಲಕ್ಕೆ ಮಡಿಚಿಕೊಳ್ಳತೊಡಗಿತು. ಪ್ಯಾರಾಚ್ಯೂಟ್ ಅವರ ಬಳಿ ಇರಲಿಲ್ಲ. ಹಿಂದೊಮ್ಮೆ ಬಲ್ಗೇರಿಯದ ಚಾಲಕನೊಬ್ಬನಿಗೆ ಇದೇ ಜಾತಿಯ ವಿಮಾನದಲ್ಲಿ ತಲೆಕೆಳಗಾಗಿ ಹಾರುವಾಗ ರೆಕ್ಕೆಯ ಮೇಲಿನ ಆಧಾರ ಮುರಿದು, ವಿಮಾನ ತಾನಾಗಿ ನೆಟ್ಟಗೆ ಹೊರಳಿ ಉಳಿದುಕೊಂಡ ಸುದ್ದಿಯನ್ನು ಅವರು ಕೇಳಿದ್ದರು. ಇದು ಅದರ ತಿರುವುಮುರುವು ಎಂದು ಹೊಳೆಯಿತು. ಒಡನೆಯೇ ವಿಮಾನವನ್ನು ತಲೆಕೆಳಗು ಮಾಡಿದರು. ರೆಕ್ಕೆ ತನ್ನ ಸ್ಥಾನಕ್ಕೆ ಬಂದು ಕೂತಿತು. ತಲೆಕೆಳಗಾಗಿಯೇ ಸುತ್ತು ಹಾಕಿ, ತಲೆಕೆಳಗಾಗಿಯೇ ನೆಲದ ಸಮೀಪಕ್ಕೆ ಬಂದು, ಕಟ್ಟಕಡೆಯ ಗಳಿಗೆಯಲ್ಲಿ ನೆಟ್ಟಗೆ ಹೊರಳಿಸಿ ಇಳಿಸಿದರು. ವಿಮಾನ ಹಾಳಾಯಿತು, ಅವರು ಬದುಕಿದರು. ಕಾರಣ ಹುಡುಕಿದಾಗ ಕಂಡದ್ದು ಲೋಹದ ದಣಿವೇ.

ಈ ಘಟನೆಯನ್ನು ಹೇಳುವವರೆಲ್ಲ ವಿಲಿಯಮ್ಸ್ ಅವರ ಧೈರ್ಯವನ್ನು ಕೊಂಡಾಡುತ್ತಾರೆ, ಅದು ನ್ಯಾಯವೇ. ಆದರೆ ದುರಸ್ತಿಯವನಾದ ನನ್ನ ಮನಸ್ಸು ನಿಲ್ಲುವುದು ಬಲ್ಗೇರಿಯದ ಸುದ್ದಿಯ ಮೇಲೆ. ತನಗಾದದ್ದನ್ನು ಆ ಚಾಲಕ ಮುಚ್ಚಿಡದೆ ಹೇಳಿದ. ಅದು ಬಾಯಿಂದ ಬಾಯಿಗೆ ದಾಟಿ, ದೂರದ ದೇಶದ ಅಪರಿಚಿತನೊಬ್ಬನ ಪ್ರಾಣ ಉಳಿಸಿತು.

ಹಳೆಯ ವಿಮಾನದ ಹಲ್ಲು ಇರುವುದು ಇಂಥ ಸತ್ಯವಾದ ಮಾತಿನಲ್ಲಿ, ಅಂದರೆ ಅದರ ದಿನಚರಿ ಪುಸ್ತಕದಲ್ಲಿ. ಒಡಲಿಗೊಂದು, ಎಂಜಿನ್ನಿಗೊಂದು, ಎಷ್ಟೋ ವೇಳೆ ಪ್ರೊಪೆಲರಿಗೊಂದು ಎಂದು ಬೇರೆ ಬೇರೆ ಪುಸ್ತಕಗಳಿರುತ್ತವೆ. ಎಷ್ಟು ಗಂಟೆ ಹಾರಿತು, ಯಾವ ಭಾಗ ಎಂದು ಬದಲಾಯಿತು, ಯಾರು ಪರೀಕ್ಷಿಸಿ ಸಹಿ ಹಾಕಿದರು ಎಂಬುದೆಲ್ಲ ಅಲ್ಲಿ ದಾಖಲಾಗಬೇಕು. ಅಮೆರಿಕದ ಕಾನೂನು ವಿಮಾನವನ್ನು ಮಾರುವವನು ಈ ದಾಖಲೆಗಳನ್ನೂ ಕೊಳ್ಳುವವನಿಗೆ ಒಪ್ಪಿಸಬೇಕೆಂದು ವಿಧಿಸಿದೆ. ಹತ್ತು ವರ್ಷದ ಪುಟಗಳು ಕಾಣೆಯಾದ ವಿಮಾನ ಅರ್ಧ ಬೆಲೆಗೆ ಸಿಕ್ಕಿದರೂ ಅದು ಅಗ್ಗವಲ್ಲ ಎಂದು ನಾನು ಆ ಯುವಕನಿಗೆ ಮೊದಲು ಬರೆದೆ.

ಪುಸ್ತಕ ಇದ್ದರೂ ಓದಲು ಬರಬೇಕು. ಇಪ್ಪತ್ತೈದು ವರ್ಷದಲ್ಲಿ ಕೇವಲ 300 ಗಂಟೆ ಹಾರಿದ ವಿಮಾನ ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಕಡಿಮೆ ಹಾರಿದ್ದೆಂದರೆ ಒಳ್ಳೆಯದೆಂದೇ ತೋರುತ್ತದಲ್ಲವೆ? ಆದರೆ ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಎತ್ತನ್ನು ಒಮ್ಮೆಲೇ ನೇಗಿಲಿಗೆ ಹೂಡಿದರೆ ಏನಾದೀತು? ಈ ಪುಟ್ಟ ವಿಮಾನಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಲೈಕಮಿಂಗ್ ಎಂಜಿನ್ನುಗಳ ಕ್ಯಾಮ್ ದಂಡ ಎಂಜಿನ್ನಿನ ಮೇಲ್ಭಾಗದಲ್ಲಿದೆ. ಎಂಜಿನ್ನು ತಿಂಗಳುಗಟ್ಟಲೆ ಸುಮ್ಮನೆ ನಿಂತರೆ ಎಣ್ಣೆ ಕೆಳಕ್ಕಿಳಿದು, ಗಾಳಿಯ ತೇವ ತಗಲಿ ಆ ದಂಡಕ್ಕೆ ತುಕ್ಕು ಹಿಡಿಯುತ್ತದೆ. ಆಮೇಲೆ ನಡೆಸಿದಾಗ ತುಕ್ಕಿನ ಪುಡಿ ಲೋಹವನ್ನೇ ಅರೆಯುತ್ತದೆ. ನಿಯಮಿತವಾಗಿ ಹಾರಿದ, ನಿಯಮಿತವಾಗಿ ಎಣ್ಣೆ ಬದಲಿಸಿದ ವಿಮಾನ ಹೆಚ್ಚು ಗಂಟೆಯದಾದರೂ ಎಷ್ಟೋ ವೇಳೆ ಹೆಚ್ಚು ನಂಬಿಕೆಗೆ ಅರ್ಹ.

ಪುಸ್ತಕ ಹೇಳಿದ್ದನ್ನು ಒಡಲಿನಲ್ಲಿ ತಾಳೆ ನೋಡುವ ಉಪಾಯಗಳೂ ಇವೆ. ರೆಕ್ಕೆಯ ಆಧಾರದ ಕೀಲುಗಳನ್ನು ಶುಚಿಮಾಡಿ ಕೆಂಪು ದ್ರವವೊಂದನ್ನು ಸವರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿಯ ಪುಡಿ ಎರಚುತ್ತಾರೆ. ಕಣ್ಣಿಗೆ ಕಾಣದ ಬಿರುಕೊಳಗೆ ಅವಿತಿದ್ದ ದ್ರವ ಮೇಲೆದ್ದು ಬಿಳಿಯ ಮೇಲೆ ಕೆಂಪು ಗೆರೆಯಾಗಿ ಮೂಡುತ್ತದೆ. ತಲೆಕೆಳಗಾಗಿ ಹಾರುವಾಗಲೂ ಪೆಟ್ರೋಲು ಸಿಗಬೇಕಲ್ಲ? ಅದಕ್ಕೆಂದು ಟ್ಯಾಂಕಿನೊಳಗೆ ತುದಿಗೆ ಭಾರ ಕಟ್ಟಿದ ಮೆತ್ತನೆಯ ಕೊಳವೆಯೊಂದಿರುತ್ತದೆ. ಪೆಟ್ರೋಲು ಯಾವ ಕಡೆ ಹರಿದರೆ ಆ ಕಡೆಗೇ ಭಾರವೂ ಬೀಳುತ್ತದೆ. ವರ್ಷ ಕಳೆದಂತೆ ಆ ಕೊಳವೆ ಬಿರುಸಾಗುತ್ತದೆ. ಆಗ ಅದು ಬಾಗದು. ಮಗುಚಿ ಹಾರುವಾಗ ಎಂಜಿನ್ನು ಉಸಿರು ಕಟ್ಟಿ ನಿಲ್ಲುತ್ತದೆ. ಮರದ ತೊಲೆಯ ರೆಕ್ಕೆಗಳಾದರೆ ಅಂಟಿನ ಸಂದುಗಳನ್ನು, ಮೇಲೆ ಬಿಗಿದ ಬಟ್ಟೆಯ ಗಟ್ಟಿತನವನ್ನು ಪರೀಕ್ಷಿಸಬೇಕು. ಇದನ್ನೆಲ್ಲ ಮಾರುವವನ ಕಡೆಯ ಮೆಕ್ಯಾನಿಕ್ಕಿನಿಂದ ಮಾಡಿಸಬಾರದು. ತನ್ನ ಖರ್ಚಿನಲ್ಲಿ ಬೇರೊಬ್ಬ ಬಲ್ಲವನಿಂದ ಮಾಡಿಸಬೇಕು.

ಇಷ್ಟಾದರೂ ಯಾವ ಪರೀಕ್ಷೆಗೂ ಪೂರ್ತಿ ನಿಲುಕದ ಸಂಗತಿಯೊಂದು ಉಳಿಯುತ್ತದೆ. ಈ ವಿಮಾನಗಳ ಮುಂಫಲಕದಲ್ಲಿ ಜಿ ಅಳೆಯುವ ಗಡಿಯಾರದಂಥ ಮಾಪಕವಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಮೂರು ಮುಳ್ಳು. ಒಂದು ಆ ಗಳಿಗೆಯ ಭಾರವನ್ನು ತೋರಿಸುತ್ತದೆ. ಇನ್ನೆರಡು ಆ ಹಾರಾಟದಲ್ಲಿ ಮುಟ್ಟಿದ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಗಳಲ್ಲಿ ನಿಂತುಬಿಡುತ್ತವೆ; ನೆಲಕ್ಕಿಳಿದರೂ ಕದಲುವುದಿಲ್ಲ. ಮಾಪಕದ ಮೂಲೆಯಲ್ಲೊಂದು ಪುಟ್ಟ ಗುಂಡಿ. ಅದನ್ನು ಬೆರಳಿನಿಂದ ಒತ್ತಿದೊಡನೆ ಆ ಎರಡು ಮುಳ್ಳುಗಳೂ ಮೊದಲಿನ ಜಾಗಕ್ಕೆ ಮರಳಿ, ಏನೂ ನಡೆಯಲೇ ಇಲ್ಲವೆಂಬಂತೆ ಸಾಕ್ಷಿ ಅಳಿಸಿಹೋಗುತ್ತದೆ. ಮುಂದಿನ ಹಾರಾಟಕ್ಕೆ ಮಾಪಕವನ್ನು ಅಣಿಮಾಡಲು ಇಟ್ಟ ಗುಂಡಿ ಅದು, ಅದಿಲ್ಲದೆ ಆಗದು.

ಈಗ ಯೋಚಿಸಿ. ಮಿತಿ 6 ಇರುವ ವಿಮಾನದಲ್ಲಿ ಚಾಲಕ ಉತ್ಸಾಹದ ಭರದಲ್ಲಿ ಏಳೂವರೆಯವರೆಗೆ ಎಳೆದ. ವಿಮಾನ ಮುರಿಯಲಿಲ್ಲ, ಮಿತಿಗಿಂತ ಮೇಲೆ ಒಂದಿಷ್ಟು ತಾಳುವಂತೆಯೇ ಕಟ್ಟಿರುತ್ತಾರೆ. ಆದರೆ ಕೂಡಲೆ ಅದನ್ನು ದಿನಚರಿಯಲ್ಲಿ ಬರೆದು, ವಿಮಾನವನ್ನು ನಿಲ್ಲಿಸಿ, ಕೀಲುಕೀಲನ್ನೂ ನೋಡಿಸಬೇಕು. ಬರೆದರೆ ಖರ್ಚು, ತಿಂಗಳು ಹಾರುವಂತಿಲ್ಲ, ನಾಳೆ ಮಾರಹೊರಟರೆ ಬೆಲೆಯೂ ಇಳಿದೀತು. ಪಕ್ಕದಲ್ಲಿ ಯಾರೂ ಇಲ್ಲ; ಇರಲು ಎರಡನೆಯ ಆಸನವೇ ಇಲ್ಲ. ನೆಲದಿಂದ ನೋಡಿದವರು ಚಪ್ಪಾಳೆ ತಟ್ಟಿದರೇ ಹೊರತು ಅಂಕ ಕಾಣಲಿಲ್ಲ. ಗುಂಡಿ ಬೆರಳಿನ ದೂರದಲ್ಲಿದೆ.

ಒಂಟಿ ಆಸನದ ವಿಮಾನದ ಒಡೆತನದ ತಿರುಳೆಲ್ಲ ಈ ಒಂದು ಗಳಿಗೆಯಲ್ಲಿದೆ ಎಂದು ನನಗೆ ತೋರುತ್ತದೆ. ಎರಡು ಆಸನದ ವಿಮಾನದಲ್ಲಿ ಗುರುವೋ ಸಂಗಾತಿಯೋ ಸಾಕ್ಷಿಯಾಗಿರುತ್ತಾನೆ. ಇಲ್ಲಿ ಒಡೆಯನ ಆತ್ಮಸಾಕ್ಷಿಯ ಹೊರತು ಬೇರೆ ಸಾಕ್ಷಿಯಿಲ್ಲ. ಅವನು ಗುಂಡಿ ಒತ್ತಿ ಸುಮ್ಮನಾದರೆ ಅವನಿಗೇ ಏನೂ ಆಗದಿರಬಹುದು. ಲೋಹ ಮಾತ್ರ ಮರೆಯುವುದಿಲ್ಲ. ಅದು ತನ್ನ ಲೆಕ್ಕವನ್ನು ಹತ್ತು ವರ್ಷದ ಮೇಲೆ ಮೂರನೆಯ ಒಡೆಯನ ಮುಂದೆ, ಅವನು ಅತ್ಯಂತ ಸುಲಭವಾದ ಲಾಗವೊಂದನ್ನು ಹಾಕುತ್ತಿರುವಾಗ, ತೆರೆದಿಡಬಹುದು.

ಕೊಳ್ಳುವವನಿಗೆ ಇನ್ನೊಂದು ತೊಡಕುಂಟು. ಇಂಥ ವಿಮಾನವನ್ನು ಕಲಿಸುವವನೊಡನೆ ಕೂತು ಪರೀಕ್ಷಿಸುವಂತಿಲ್ಲ. ಮೊದಲನೆಯ ಹಾರಾಟವೇ ಒಂಟಿ ಹಾರಾಟ. ಅಮೆರಿಕದ ಕರ್ಟಿಸ್ ಪಿಟ್ಸ್ 1944ರಲ್ಲಿ ಮೊದಲು ಹಾರಿಸಿದ, ಅವರ ಹೆಸರಿನಿಂದಲೇ ಪ್ರಸಿದ್ಧವಾದ ಪಿಟ್ಸ್ ಎಂಬ ಜೋಡಿ ರೆಕ್ಕೆಯ ವಿಮಾನವನ್ನೇ ತೆಗೆದುಕೊಳ್ಳಿ. ನೆಲದ ಮೇಲಿರುವಾಗ ಅದರ ಮೂತಿ ಮುಂದಿನ ದಾರಿಯನ್ನೇ ಮರೆಮಾಡುತ್ತದೆ. ಇಳಿಯುವಾಗ ಅಂಚುಗಣ್ಣಿನಿಂದ ಓಟದ ಹಾದಿಯ ಎರಡು ಪಕ್ಕಗಳನ್ನು ನೋಡಿಕೊಂಡೇ ನೇರ ನಿಲ್ಲಿಸಬೇಕು. ಕಾಲಿನ ಹಿಡಿತ ಕೊಂಚ ತಪ್ಪಿದರೂ ಬಾಲ ಮುಂದಕ್ಕೆ ಬಂದು ವಿಮಾನ ಗಿರಕಿ ಹೊಡೆಯುತ್ತದೆ. ಆದಕಾರಣ ಅದರ ಎರಡು ಆಸನದ ತಮ್ಮನಾದ ಎಸ್-2ರಲ್ಲಿ ಗುರುಮುಖೇನ ಸಾಕಷ್ಟು ಕಲಿತ ಮೇಲೆಯೇ ಒಂಟಿ ಆಸನಕ್ಕೆ ಹತ್ತಬೇಕೆಂದು ಯುವಕನಿಗೆ ಒತ್ತಿ ಬರೆದೆ.

ಹಳೆಯ ಪಿಟ್ಸ್ ಒಂದನ್ನು ಕೊಂಡವರಲ್ಲಿ ಬಹು ಪ್ರಸಿದ್ಧರು ಬೆಟ್ಟಿ ಸ್ಕೆಲ್ಟನ್. ಪಿಟ್ಸ್ ಕಟ್ಟಿದ ಎರಡನೆಯ ವಿಮಾನ 1946ರಲ್ಲಿ ಸಿದ್ಧವಾಗಿತ್ತು. ಸ್ಕೆಲ್ಟನ್ ಅದನ್ನು 1948ರಲ್ಲಿ, ತಮ್ಮ ಇಪ್ಪತ್ತೆರಡರ ಪ್ರಾಯದಲ್ಲಿ, ಹಿಂದಿನ ಒಡೆಯನಿಂದ ಕೊಂಡರು. ಸುಮಾರು 247 ಕಿಲೋ ತೂಕದ ಅದು, ಹೆಚ್ಚೆಂದರೆ ನಮ್ಮ ಊರಿನ ಎಳೆಯ ಹೋರಿಯೊಂದರ ಭಾರ. ಅದಕ್ಕೆ ‘ಲಿಟಲ್ ಸ್ಟಿಂಕರ್’ ಎಂಬ ತುಂಟ ಹೆಸರಿಟ್ಟು 1949 ಮತ್ತು 1950ರ ಮಹಿಳಾ ಅಂತಾರಾಷ್ಟ್ರೀಯ ಕಸರತ್ತು ಸ್ಪರ್ಧೆಗಳನ್ನು ಗೆದ್ದರು. 1951ರಲ್ಲಿ ಸ್ಪರ್ಧೆಗಳಿಂದ ನಿವೃತ್ತರಾಗಿ ವಿಮಾನವನ್ನು ಮಾರಿದರು. ಮುಂದೆ ಅದನ್ನೇ ಮರಳಿ ಕೊಂಡು 1985ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಿದರು. ಇಂದು ಅದು ಅಲ್ಲಿ ತಲೆಕೆಳಗಾಗಿಯೇ ತೂಗುತ್ತಿದೆ. ಒಬ್ಬರ ಕೈಯಿಂದ ಬಂದದ್ದು, ಇನ್ನೊಬ್ಬರ ಕೈಗೆ ಹೋಗಿ, ಮತ್ತೆ ತಮ್ಮ ಕೈಗೆ ಬಂದು, ಕಡೆಗೆ ಎಲ್ಲರದೂ ಆಯಿತು. ಒಡೆತನವೆಂಬುದು ಎಷ್ಟು ತಾತ್ಕಾಲಿಕವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಖರ್ಚಿನ ಮಾತನ್ನೂ ಹೇಳಬೇಕು. ಕೊಂಡ ಬೆಲೆ ಖರ್ಚಿನ ಆರಂಭ ಮಾತ್ರ. ಮಳೆ ಬಿಸಿಲಿಗೆ ಮರೆಯಾಗಿ ಇಡುವ ಹ್ಯಾಂಗರಿನ ಬಾಡಿಗೆ, ವಿಮೆ, ಹನ್ನೆರಡು ತಿಂಗಳಿಗೊಮ್ಮೆ ಆಗಲೇಬೇಕಾದ ಪೂರ್ಣ ತಪಾಸಣೆ, ಇವು ಹಾರಿದರೂ ಇದ್ದದ್ದೇ, ಹಾರದಿದ್ದರೂ ಇದ್ದದ್ದೇ. ವರ್ಷಕ್ಕೆ 50 ಗಂಟೆ ಹಾರುವವನಿಗೆ ಹೋಲಿಸಿದರೆ 10 ಗಂಟೆ ಹಾರುವವನ ತಲೆಯ ಮೇಲೆ ಈ ಸ್ಥಿರವಾದ ಖರ್ಚು ಗಂಟೆಗೆ ಐದು ಪಟ್ಟು ಬೀಳುತ್ತದೆ. ಎತ್ತು ಕೊಳ್ಳುವವನು ಹುಲ್ಲಿನ ಬಣವೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾನಲ್ಲ, ಅದೇ ವಿವೇಕ ಇಲ್ಲಿಯೂ ಬೇಕು.

ನಮ್ಮ ನಾಡಿನಲ್ಲಿ ಇದು ಸಾಧ್ಯವೇ ಎಂದು ಕೇಳುವವರುಂಟು. ಕಸರತ್ತಿನ ಹಾರಾಟ ಕರ್ನಾಟಕಕ್ಕೆ ಹೊಸದಲ್ಲ. 1951ರ ಆಗಸ್ಟಿನಲ್ಲಿ ಬೆಂಗಳೂರಿನ ಬಾನಿಗೇರಿದ ಎಚ್‌ಟಿ-2, ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡದ್ದು, ಲಾಗ ಹಾಕಬಲ್ಲ ಎರಡು ಆಸನದ ತರಬೇತಿ ವಿಮಾನವಾಗಿತ್ತು. 1996ರಲ್ಲಿ ಬೀದರಿನಲ್ಲಿ ಹುಟ್ಟಿದ ವಾಯುಸೇನೆಯ ಸೂರ್ಯಕಿರಣ ತಂಡವನ್ನು ಯಲಹಂಕದ ವೈಮಾನಿಕ ಪ್ರದರ್ಶನಗಳಲ್ಲಿ ಲಕ್ಷಾಂತರ ಮಂದಿ ಕಂಡಿದ್ದಾರೆ. 2019ರಲ್ಲಿ ಅದರ ಎರಡು ವಿಮಾನಗಳು ಅಭ್ಯಾಸದ ಹೊತ್ತಿನಲ್ಲಿ ಅಲ್ಲಿಯೇ ಡಿಕ್ಕಿಯಾಗಿ ಚಾಲಕರೊಬ್ಬರು ಪ್ರಾಣ ತೆತ್ತರು. ನುರಿತವರಿಗೂ ಇದು ಆಟದ ಸಾಮಾನಲ್ಲ. ಆದರೆ ನಮ್ಮಲ್ಲಿ ಲಾಗದ ಹಾರಾಟ ಬಹುಮಟ್ಟಿಗೆ ಸೇನೆಯ ವಿದ್ಯೆಯಾಗಿಯೇ ಉಳಿದಿದೆ. ಖಾಸಗಿಯಾಗಿ ಕೊಂಡು ತಂದರೆ ‘ವಿಟಿ’ ಅಕ್ಷರಗಳಿಂದ ಮೊದಲಾಗುವ ನೋಂದಣಿ, ಹಾರಾಟ ಯೋಗ್ಯತೆಯ ಪ್ರಮಾಣಪತ್ರ, ಕಾಲಕಾಲದ ಮರುಪರಿಶೀಲನೆ ಇವೆಲ್ಲ ಆಗಬೇಕು. 1934ರ ಕಾನೂನಿನ ಸ್ಥಾನದಲ್ಲಿ 2024ರ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಆದರೆ ಕಾಗದಪತ್ರಕ್ಕಿಂತ ದೊಡ್ಡ ಕೊರತೆ ಬೇರೆಯೇ. ಇಂಥ ವಿಮಾನದ ಕೀಲು ಬಲ್ಲ ಮೆಕ್ಯಾನಿಕ್ಕು, ಅದರ ಬಿಡಿಭಾಗ, ಲಾಗ ಕಲಿಸುವ ಗುರು, ಹಾಕಲು ಬಿಡುವಾದ ಆಕಾಶ, ಈ ನಾಲ್ಕೂ ಒಂದೆಡೆ ಕೂಡಿಬರಬೇಕು.

ಹಾಗೆಂದು ಆಸೆ ಬಿಡಬೇಕಾದುದಿಲ್ಲ. ಗೊರೂರು ಎಂದೊಡನೆ ಸಾಹಿತ್ಯಾಸಕ್ತರಿಗೆ ರಾಮಸ್ವಾಮಿ ಅಯ್ಯಂಗಾರ್ಯರ ನೆನಪಾಗುತ್ತದೆ. ಕಟ್ಟಾಯಕ್ಕೆ ನೆರೆಯಾದ ಅದೇ ಊರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥರು ಸೇನೆ ಬಿಟ್ಟು, ಜಾವಗಲ್ ಬಳಿ ಬೇಸಾಯ ಮಾಡಿ, 1997ರಲ್ಲಿ ಹೆಲಿಕಾಪ್ಟರ್ ಉದ್ಯಮ ತೆರೆದು, 2003ರಲ್ಲಿ ಅಗ್ಗದ ದರದ ವಿಮಾನಸಂಸ್ಥೆಯನ್ನೇ ಹಾರಿಸಿದರು. ಆಲೂಗೆಡ್ಡೆ ಹೊಲದಿಂದ ಬಾನಿಗೆ ದಾರಿಯಿಲ್ಲವೆಂದು ನಮ್ಮ ಕಡೆಯವರು ಹೇಳುವಂತಿಲ್ಲ.

ಆದ್ದರಿಂದ ಯುವಕನಿಗೆ ‘ಕೊಳ್ಳಬೇಡ’ ಎಂದು ನಾನು ಬರೆಯಲಿಲ್ಲ. ಕೊಳ್ಳು ಎಂದೇ ಬರೆದೆ. ಆದರೆ ವಿಮಾನಕ್ಕಿಂತ ಮೊದಲು ಅದರ ಪುಸ್ತಕವನ್ನು ಕೊಳ್ಳು. ಹಿಂದಿನ ಒಡೆಯ ತನ್ನ ವಿಮಾನದ ವಿರುದ್ಧವಾಗಿ ಏನಾದರೂ ಬರೆದಿದ್ದಾನೆಯೇ ಎಂದು ಹುಡುಕು. ಒಂದೇ ಒಂದು ಅಪಘಾತವಾಗಲಿ, ಮಿತಿ ಮೀರಿದ ಎಳೆತವಾಗಲಿ ಕಾಣದ ನಿಷ್ಕಳಂಕ ಪುಟಗಳಿಗಿಂತ, ‘ಇಂದು ಏಳು ಮುಟ್ಟಿತು, ರೆಕ್ಕೆ ಬಿಚ್ಚಿಸಿ ನೋಡಿಸಿದೆ, ಬಿರುಕಿಲ್ಲ’ ಎಂದು ಬರೆದಿಟ್ಟವನ ಪುಟಗಳನ್ನು ಹೆಚ್ಚು ನಂಬು ಎಂದು ತಿಳಿಸಿದೆ.

ಕೇಳುಗರೆ, ನಾವು ಸಾಹಿತ್ಯವೆಂದರೆ ಕಾವ್ಯ, ಕಥೆ, ಪ್ರಬಂಧ ಎನ್ನುತ್ತೇವೆ. ಎಣ್ಣೆಯ ಕಲೆ ಹತ್ತಿದ ಆ ದಿನಚರಿ ಪುಸ್ತಕದಲ್ಲಿ ಅಲಂಕಾರವಿಲ್ಲ, ಶೈಲಿಯಿಲ್ಲ, ಓದುಗನನ್ನು ಮೆಚ್ಚಿಸುವ ಹಂಬಲವೂ ಇಲ್ಲ. ತಾರೀಖು, ಗಂಟೆ, ಒಂದೆರಡು ಸಾಲು, ಸಹಿ, ಇಷ್ಟೇ. ಆದರೂ ಬರೆದವನು ಎಂದೂ ಕಾಣದ ಓದುಗನೊಬ್ಬ ಮುಂದೊಂದು ದಿನ ಆ ಸಾಲುಗಳನ್ನು ನಂಬಿ, ಬೆಲ್ಟು ಬಿಗಿದುಕೊಂಡು, ಒಬ್ಬನೇ ಮೇಲೇರುತ್ತಾನೆ. ತನ್ನದೆಂದು ಕೊಂಡ ವಸ್ತುವನ್ನು ಮುಂದಿನವನ ಹೆಸರಿನಲ್ಲಿ ಕಾಪಾಡುವುದೇ ಹಳೆಯ ವಿಮಾನದ ಒಡೆತನ. ಗದ್ದೆ, ಕೆರೆ, ಭಾಷೆ ಇವುಗಳ ಒಡೆತನವೂ ಇದಕ್ಕಿಂತ ಬೇರೆಯಲ್ಲವೆಂದು ನನಗೆ ತೋರುತ್ತದೆ.